ಬಾಲ ಹಿಡಿಯಬೇಡ

ಮಾಟೆ ಕಷಾಯದ ಸೋರೆಬುರುಡೆಯನ್ನು
ಹೊಸ್ತಿಲ ಹೊರಗೇ ಇಡಬೇಕು.
ಮೋಂತೆವಿದೇಯೊದಲ್ಲಿ ಅದನ್ನು ಬಿಟ್ಟು
ಯಾರೂ ಬಸ್ಸು ಕೂಡ ಹತ್ತುವುದಿಲ್ಲ.
ಕಪಾಟಿನ ಮೇಲೆ ಸಾಲಾಗಿ ಏಳು ಬುರುಡೆ,
ಏಳು ಬಿಸಿನೀರಿನ ಫ್ಲಾಸ್ಕು.
ಒಳಗೆಷ್ಟು ಮಂದಿ ಎಂಬ ಲೆಕ್ಕ
ಅದರಲ್ಲೇ.

ಉಂಗುರ ತೆಗಿ.
ಸೆಂಟು ಹಾಕಿದ್ದೀಯಾ? ನಾಳೆ ಬಾ.
ಸುಲ್ಮಾ ಎತ್ಚೆಗಾರಾಯ್ ಮಾತು ಇಷ್ಟೇ,
ಹನಿ ಎಣಿಸಿ ಬಿಟ್ಟ ಮದ್ದಿನ ಹಾಗೆ.

ನಾನು ಬಂದದ್ದು ಕೋಳಿ ಕಾರ್ಖಾನೆಯಿಂದ.
ಹನ್ನೊಂದು ವರ್ಷ,
ನಿಮಿಷಕ್ಕೆ ಇಪ್ಪತ್ತೆರಡು ಕೋಳಿ
ತಲೆಕೆಳಗಾಗಿ ಕೊಂಡಿಗೆ ಸಿಕ್ಕಿಸಿದ ಕೈ ಇದು.
ಸಂಬಳ ಹೆಚ್ಚಲ್ಲ, ಗದ್ದಲ ಕಡಿಮೆ
ಎಂದಿದ್ದ ತಂಗಿಯ ಗಂಡ.
ಇಲಿ ಹಿಡಿಯೋಕೆ ತರಬೇತಿ ಬೇರೆ ಕೇಡು ಎಂದು
ನಕ್ಕಿದ್ದೆ.

ಮೊದಲ ದಿನವೇ ಬಾಲ ಹಿಡಿದು ಎತ್ತಿದೆ.
ಗಾಳಿಯಲ್ಲಿ ಅದು ನಾಲ್ಕೂ ಕಾಲಿಂದ
ಇಲ್ಲದ ನೆಲವನ್ನು ತಡಕಿತು,
ಬಾಲದ ಗುಂಟ ತಿರುಚಿಕೊಂಡು ಮೇಲೆ ಬಂದು
ನನ್ನ ಹೆಬ್ಬೆರಳಲ್ಲಿ ಎರಡು ಹಲ್ಲು ಊರಿ
ನಿಂತಿತು.
ಒದರಬೇಡ, ಅಂತು ಗೋಡೆಯ ಸ್ಪೀಕರು.
ಕೈಯನ್ನೋ, ಬಾಯಿಯನ್ನೋ, ಹೇಳಲಿಲ್ಲ.
ಎರಡನ್ನೂ ನಿಲ್ಲಿಸಿದೆ.
ತಗ್ಗಿಸು. ನೆಲ ಸಿಕ್ಕರೆ ತಾನೇ ಬಿಡುತ್ತದೆ.
ಬಿಟ್ಟಿತು.

ಐದು ನಿಮಿಷ ನಲ್ಲಿಯ ಕೆಳಗೆ ಬೆರಳು.
ಆಮೇಲೆ ಫಾರಮ್ಮು:
ಎಷ್ಟು ಗಂಟೆ, ಯಾವ ಬೆರಳು, ಯಾವ ಪಂಜರ. ಕಾರಣ?
ಇಲಿ, ಎಂದು ಬರೆದೆ.
ಸುಲ್ಮಾ ಅದನ್ನು ಹೊಡೆದುಹಾಕಲಿಲ್ಲ.
ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಇಟ್ಟಳು, ಅಷ್ಟೆ.

ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ.
ಇಲ್ಲಿ ಇಲಿ ಮೊದಲೇ ಕೈಯಲ್ಲಿದೆ.
ಬೆಟ್ಟ ಎಲ್ಲಿದೆಯೋ
ಮೇಲಿನ ಮಹಡಿಯ ಡಾಕ್ಟರಿಗೂ ಗೊತ್ತಿಲ್ಲ.

ಎರಡನೆಯ ವಾರ ಒಂದು ಕೊಳವೆ ಕೊಟ್ಟರು,
ಗೇಣುದ್ದದ ಪ್ಲಾಸ್ಟಿಕ್ಕು, ಆಚೆಯದು ಈಚೆಗೆ ಕಾಣುವಂಥದ್ದು.
ಪಂಜರದ ಮೂಲೆಯಲ್ಲಿಟ್ಟು ಕಾಯಬೇಕು.
ಕಾಯುವುದೂ ಒಂದು ಕೆಲಸವೇ?
ಕೋಳಿಗಳ ಹತ್ತಿರ ಕಾದು ನಿಂತವಳಿಗೆ
ಅರ್ಧ ದಿನದ ಕೂಲಿ ಕತ್ತರಿಸುತ್ತಿದ್ದರು.
ಅದು ಮೂಸಿತು. ಹಿಂದೆ ಸರಿಯಿತು. ಮೈ ನೆಕ್ಕಿಕೊಂಡಿತು.
ಆಮೇಲೆ, ಮೀಸೆ ಮೊದಲು, ಮೈ ಹಿಂದಿನಿಂದ,
ತನ್ನದೇ ಮನೆ ಎಂಬಂತೆ ಒಳಗೆ ನಡೆಯಿತು.
ಎತ್ತಿ ಅಂಗೈಗೆ ಇಳಿಸಿಕೊಂಡೆ.
ಇಪ್ಪತ್ತೆರಡು ಗ್ರಾಂ.
ಆ ಸಂಖ್ಯೆ ನನ್ನ ಬೆನ್ನು ಬಿಡಲೊಲ್ಲದು.

ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡ.
ಒಬ್ಬಳೇ ಇದ್ದಾಗ ಆ ನೀಲಿ ಬಾಟಲಿ ತೆರೆಯಬೇಡ.
ಮುಖಗವಸು ಮೂಗಿನಿಂದ ಇಳಿದರೆ
ಇಲಿಗೇನೂ ಆಗದು.
ನನ್ನ ನೋಡು.

ನೋಡಿದೆ. ಆಗ ಹೊಳೆಯಿತು
ಅವಳು ಯಾವತ್ತೂ ಗಾಜಿನ ಆಚೆಯೇ ಇದ್ದದ್ದು.
ಅವಳ ಕಾಲದಲ್ಲಿ ಯಾರೂ ಮೂಗು ಮುಚ್ಚುತ್ತಿರಲಿಲ್ಲವಂತೆ.
ಇಪ್ಪತ್ತು ವರ್ಷ ಉಸಿರಿಗೆ ಎಳೆದುಕೊಂಡದ್ದು
ಈಗ ಒಂದು ರೋಮದ ಧೂಳಿಗೇ ಗಂಟಲು ಕಟ್ಟುತ್ತದೆ.
ಒಂದು ಜೇಬಲ್ಲಿ ಪಂಪು,
ಇನ್ನೊಂದರಲ್ಲಿ ತೊಡೆಗೆ ಚುಚ್ಚಿಕೊಳ್ಳುವ ಪೆನ್ನು.
ಬೆರಳ ತುದಿಯಿಂದಲೇ ಅಂಜಿಕೆ ಅಳೆಯುತ್ತಿದ್ದವಳು
ಇಲಿ ಮುಟ್ಟಿ ಆರು ವರ್ಷ.
ಗಾಜಿನಾಚೆ ಅವಳ ಎರಡು ಬೆರಳು
ಬರಿಯ ಗಾಳಿಯಲ್ಲಿ ಕೂಡುತ್ತವೆ,
ಕತ್ತಿನ ಸಡಿಲ ಚರ್ಮ ಹಿಡಿಯುವಷ್ಟೇ ಹದಕ್ಕೆ.
ಈಚೆ ನನ್ನವು ಕೂಡುತ್ತವೆ.

ಇನ್ನೊಂದು ಪಾಠ ಬಾಕಿ, ಕೊನೆಯದು.
ಅದು ನನಗೆ ಬರುತ್ತೆ, ಅಂದೆ, ಕೋಳಿಗಳನ್ನು ನೆನೆದು.
ಸ್ಪೀಕರು ಗರಗರ ಅಂದು ಸುಮ್ಮನಾಯಿತು.
ಬರುತ್ತೆ ಅನ್ನುವವರಿಗೆ
ಎಲ್ಲರಿಗಿಂತ ಕೊನೆಗೆ ಕಲಿಸುತ್ತೇನೆ.

ಸಂಜೆ ಹೊರಗೆ ಬಂದಾಗ
ಕಪಾಟಿನಲ್ಲಿ ಉಳಿದದ್ದು ಎರಡೇ ಬುರುಡೆ.
ಸುಲ್ಮಾ ನೀರು ಹೊಯ್ದು, ಕೈ ಉದ್ದ ಚಾಚಿ
ದೂರದಿಂದಲೇ ಕೇಳಿದಳು,
ತಲೆಗೂದಲು ತೊಳೆದೆಯಾ?
ತೊಳೆದೆ.
ಆಮೇಲೆ ಕುರ್ಚಿಯನ್ನು
ನನ್ನ ಹತ್ತಿರಕ್ಕೆ ಎಳೆದುಕೊಂಡಳು.