ಞ

ಕಲಿತ ಮೇಲೆ ಒಮ್ಮೆಯೂ ಕೆಲಸಕ್ಕೆ ಬಾರದ ಅಕ್ಷರ
ಪೋರ್ಟ್ ಆರ್ಥರಿನಲ್ಲಿ ಸಿಕ್ಕಿತು.
ಞಾನ್. ಅಂಗಡಿಯಾಕೆ. ಎಪ್ಪತ್ತು ದಾಟಿದವಳು.
ವಿಯೆಟ್ನಾಮಿನ ಮಾತಲ್ಲಿ ಅದಕ್ಕೆ ‘ಬಿಡುವು’ ಅಂತ ಅರ್ಥವಂತೆ,
ಅದನ್ನು ಹೇಳುವಾಗಲೂ ಬೆಳ್ಳುಳ್ಳಿ ಜಜ್ಜುತ್ತಿದ್ದಳು.

ಗಲ್ಫ್ ಅಂದರೆ ನಮ್ಮ ಕಡೆ ದುಬೈ, ಮಸ್ಕತ್ತು.
ಇದು ಬೇರೆ ಗಲ್ಫ್. ಇಲ್ಲೂ ಎಣ್ಣೆಯೇ.
ಸರದಿ ಕಾಯುತ್ತ ಆರು ದಿನದಿಂದ ನಿಂತ ಹಡಗಿನ
ಅಡುಗೆಯವ ನಾನು. ನೆಲ ಸಿಕ್ಕರೆ
ಇನ್ನೊಬ್ಬರು ಬೇಯಿಸಿದ್ದನ್ನು ಉಣ್ಣುವುದೊಂದೇ ಆಸೆ.

ಹಿಂಬಾಗಿಲಲ್ಲಿ ಗೋಣಿ ಇಳಿಸುತ್ತಿದ್ದ ಓವೀಡ್ ಟ್ರಾಹಾನ್,
ಕೇಜನ್ ಮುದುಕ.
ಗೋಣಿಯೊಳಗೆ ಚರಪರ: ಭತ್ತದ ಗದ್ದೆಯ ಕ್ರಾಫಿಷ್,
ಏಡಿಯಾಗಲು ಹೊರಟು
ನಡುದಾರಿಯಲ್ಲಿ ಮನಸು ಬದಲಿಸಿದ ಸಿಗಡಿ.

ಉಪ್ಪು ಖಾರ ಎಲ್ಲ ಕುದಿಯುವ ನೀರಿಗೇ ಬೀಳಬೇಕು,
ಇದು ಓವೀಡನ ಧರ್ಮ.
ಬೆಂದ ಮೇಲೆ ಮೈಗೆ ಹಚ್ಚುವುದು
ಮದುವೆಯಾದ ಮೇಲೆ ಹೆಣ್ಣು ನೋಡಲು ಹೋದ ಹಾಗೆ.

ಞಾನಳ ಉತ್ತರ ಬಾಣಲೆಯಲ್ಲಿ:
ಬೆಣ್ಣೆ, ಬೆಳ್ಳುಳ್ಳಿ, ಮಜ್ಜಿಗೆಹುಲ್ಲು,
ಕಡೆಗೆ ಮೀನು ಕೊಳೆಸಿದ ಕಂದು ನೀರು ನಾಲ್ಕು ಹನಿ,
ಬೆಂದು ಕೆಂಪಾದ ರಾಶಿಯ ಮೇಲೆ ಚೊಂಯ್.
ಒಗ್ಗರಣೆ! ಅಂದೆ. ಯಾರಿಗೂ ತಿಳಿಯಲಿಲ್ಲ.

ಇಪ್ಪತ್ತೆರಡು ವರ್ಷ ಗೋಣಿ ತಂದಿದ್ದಾನೆ,
ಒಂದನ್ನೂ ಇಲ್ಲಿ ಸುಲಿದು ತಿಂದಿಲ್ಲ.
ದುಡ್ಡೆಣಿಸಿ, ಮೆಟ್ಟಿಲ ಮೇಲೆ ಕೂತು,
ಮಗಳು ಕಟ್ಟಿಕೊಟ್ಟ ಗಂಬೋ ಬಿಚ್ಚುತ್ತಾನೆ:
ಬೆಂಡೆಕಾಯಿ, ಅನ್ನ, ಮಗಳ ಮೇಲೊಂದು ಗೊಣಗು.

ಆವತ್ತು ಬೆಣ್ಣೆ ಮುಗಿದಿತ್ತು.
‘ಬೋ! ಬೋ!’ ಒಳಗಿನ ಹುಡುಗನಿಗೆ ಕೂಗಿದಳು ಞಾನ್.
ಡಬ್ಬಿಯಿಂದ ತಲೆ ಎತ್ತಿದ ಓವೀಡ್. ಏನಂದೆ?
ಬೋ.
ನಮ್ಮಜ್ಜಿ ಬ್ಯೂರ್ ಅನ್ನುತ್ತಿದ್ದಳು, ಅಂದ.
ಸ್ವಲ್ಪ ಹೊತ್ತು ಬಿಟ್ಟು:
ಶಾಲೆಯಲ್ಲಿ ಆ ಮಾತಾಡಿದ್ದಕ್ಕೆ ನನ್ನನ್ನು
ಜೋಳದ ಕಾಳಿನ ಮೇಲೆ ಮಂಡಿಯೂರಿಸಿದ್ದರು.

ಫ್ರಾನ್ಸನ್ನು ಇಬ್ಬರೂ ಕಂಡಿಲ್ಲ.
ಒಬ್ಬಳ ಊರಿಗೆ ಅದು ಬಂದೂಕು ಹಿಡಿದು ಬಂದಿತ್ತು,
ಒಬ್ಬನ ಬಾಯಿಂದ ಬೆತ್ತದೇಟಿಗೆ ಬಿದ್ದುಹೋಗಿತ್ತು.
ಉಳಿದದ್ದು ಒಂದು ಮುದ್ದೆ ಬೆಣ್ಣೆ.
(ನನ್ನದೂ ಬ-ದಿಂದಲೇ. ಆದರೆ ನಾನು ನೆಂಟನಲ್ಲ.)

ಅವಳು ಎದ್ದಳು, ಕೇಳಲಿಲ್ಲ,
ಬಾಣಲೆಯಿಂದ ಒಂದು ಸೌಟು
ಅವನ ಗಂಬೋ ಮೇಲೆ ಸುರಿದಳು.
ಅವನು ಅದನ್ನೇ ನೋಡಿದ,
ದೂರದ ರಿಫೈನರಿಯ ಜ್ವಾಲೆ ಎರಡು ಸಲ ವಾಲುವಷ್ಟು ಹೊತ್ತು.
‘ಇದು ಕ್ರಾಫಿಷ್ ಅಲ್ಲ,’ ಅಂದ, ‘ಲೆಕ್ಕಕ್ಕಿಲ್ಲ.’
ಚಮಚ ಅದ್ದಿದ.

ಬೋರಲು ಬಕೆಟ್ಟಿನ ಮೇಲೆ ಕೂತು ಞಾನ್
ಅವನು ಉಣ್ಣುವುದನ್ನು ನೋಡಿದಳು,
ಹೆಸರಿಗೆ ತಕ್ಕ ಹಾಗೆ,
ಸುಮಾರು ಎರಡು ನಿಮಿಷ.