ಕೈ ಅಲ್ಲ, ಕಾಲು

ನಾಲ್ಕು ವರ್ಷ ನಾನು ನೋಡಿದ್ದು ಕೈಯನ್ನೇ.
ಸೂಪಿನ ಚಮಚ ಬಟ್ಟಲಿಗೆ ತಾಗಿ ಕಿಣಿಕಿಣಿ ಎಂದಾಗಲೆಲ್ಲ
ಊಟದ ನಡುವೆಯೇ ರೇಡಿಯೊ ಜೋರು ಮಾಡುತ್ತಿದ್ದೆ.
ಕಳೆದ ಚಳಿಗಾಲ ನಡುಕ ಇಳಿಯಿತು.
ಹಿಗ್ಗಿ, ಸೇಬಿನ ಕೇಕು ಮಾಡಿ
ಕೆಳಮನೆಯವರಿಗೂ ಕೊಟ್ಟುಬಂದೆ.

ತಾರ್ತುವಿನ ಡಾಕ್ಟರಮ್ಮ ಕೇಕಿನ ಮಾತಿಗೆ ನಗಲಿಲ್ಲ.
"ಬಾಗಿಲ ತನಕ ನಡೆಯಿರಿ, ಎಂಡೆಲ್. ತಿರುಗಿ ಬನ್ನಿ."
ತಿರುಗಲು ಹನ್ನೊಂದು ಹೆಜ್ಜೆ. ಎಣಿಸಿದ್ದು ಅವಳು.
"ನಡುಕ ಇಳಿದು ನಡಿಗೆ ಕೆಟ್ಟರೆ
ನೆನಪಿನ ಮೇಲೂ ಒಂದು ಕಣ್ಣಿಡಿ.
ಆಗಿಯೇ ತೀರುತ್ತದೆ ಅಂತಲ್ಲ," ಎಂದಳು,
ಪೆನ್ನಿನ ಮುಚ್ಚಳ ಹುಡುಕುತ್ತ.

ಮೂವತ್ತೊಂದು ವರ್ಷ ಕುರೆಸಾರೆಯಲ್ಲಿ ಅಂಚೆ ಹಂಚಿದ ಕಾಲು.
ಯಾವ ನಾಯಿ ಬರೀ ಬೊಗಳುತ್ತದೆ,
ಯಾವ ಮೆಟ್ಟಿಲು ಮಾರ್ಚಿಯಲ್ಲೂ ಜಾರುತ್ತದೆ,
ಎಲ್ಲ ಬಲ್ಲ ಕಾಲು
ನಮ್ಮದೇ ಹೊಸಿಲಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ.
ನೆಲಕ್ಕೆ ಮೊಳಕ್ಕೊಂದು ಹಳದಿ ಟೇಪು ಅಂಟಿಸಿದೆ.
ಗೆರೆ ಕಂಡರೆ ಕಾಲು ಏಳುತ್ತದೆ. ದಾಟುತ್ತಾನೆ,
ನೀರು ಕಂಡ ಬೆಕ್ಕಿನ ಹಾಗೆ.

ಮೊನ್ನೆ ಮಗಳ ಹೆಸರಿನ ಹತ್ತಿರ
ನಾಲಿಗೆಯೂ ಹಾಗೇ ನಿಂತಿತು.
ಅಲ್ಲಿ ಎಲ್ಲಿ ಅಂಟಿಸಲಿ?

ಇವತ್ತು ಹೊಸಿಲಾಚೆ ಬಹಳ ಹೊತ್ತು ನಿಂತ.
"ಗೆರೆ ನೋಡು, ಕಾಲೆತ್ತು," ಎಂದೆ.
ಕಾಲು ಸಿಕ್ಕಿಕೊಂಡಿರಲಿಲ್ಲ.
ಬಾಗಿಲ ನಂಬರು ಓದುತ್ತಿದ್ದ.
"ರಿಜಿಸ್ಟರ್ ಅಂಚೆ," ಎಂದು ಬರಿಗೈ ಚಾಚಿದ,
"ಲೈದಾ ಅಂತ ಯಾರಾದರೂ ಇದ್ದಾರಾ?
ಅವರೇ ಸಹಿ ಹಾಕಬೇಕು."

ಅಂಗೈ ಮೇಲೆ ಬೆರಳಲ್ಲಿ ಹೆಸರು ಬರೆದೆ,
ಪೂರ್ತಿ, ನಿಧಾನಕ್ಕೆ.
ಚೂರೂ ನಡುಗಲಿಲ್ಲ ಆ ಕೈ.