ಗಂಟಲಿನ ಅಳತೆ

ಟೂವೂಂಬಾದ ಜೂನ್ ಚಳಿ. ಗ್ಯಾರೇಜಿನ ಸಿಮೆಂಟು
ಕಾಲುಚೀಲ ದಾಟಿ ಕಚ್ಚುತ್ತದೆ.
ಕಾರು ಹೊರಗಿಟ್ಟು, ಟೇಪು ಹಿಡಿದು ನಿಂತಿದ್ದೇನೆ:
ಉದ್ದ ಹದಿನೇಳಡಿ, ಅಗಲ ಒಂಬತ್ತೂಕಾಲು,
ಅದರಲ್ಲಿ ನೀರಿನ ಹೀಟರು ನುಂಗಿದ್ದು ಎರಡು.

ಅಂಗಡಿಯ ಗ್ಲೆನಿಸ್ ಟಕ್‌ವೆಲ್ ಮೊದಲು ತೋರಿಸಿದ್ದು
ಹನ್ನೆರಡಡಿಯ ಚೌಕಟ್ಟು.
ಹಳಿಯ ಮೇಲೆ ಹೊಲಿಗೆ ಯಂತ್ರ,
ಬೆರಳು ತಾಗಿದರೆ ಸಾಕು, ಸೊಂಯ್ಯನೆ ಆ ತುದಿ.
ಹೊಲಿಗೆ ಸಮ ಬೀಳಲೆಂದು ಒಂದು ಪುಟ್ಟ ಪೆಟ್ಟಿಗೆ:
ಕೈ ಓಡಿದರೆ ಓಡುತ್ತದೆ, ಕೈ ತಡೆದರೆ ತಡೆಯುತ್ತದೆ.
ನಮ್ಮನೆಯಲ್ಲಿ ಯಾರೂ ಹಾಗಿಲ್ಲ.
ಬೆಲೆ ಕೇಳಿದೆ. ಆಮೇಲೆ ಬಾಗಿಲ ಬಳಿಯ
ಸೂಜಿ ಪ್ಯಾಕೆಟ್ಟುಗಳನ್ನು ತುಂಬ ಹೊತ್ತು ನೋಡಿದೆ.

"ಉದ್ದ ಬಿಡು, ಗಂಟಲು ನೋಡು," ಅಂದಳು ಗ್ಲೆನಿಸ್.
ಸೂಜಿಗೂ ಯಂತ್ರದ ಬೆನ್ನಿಗೂ ನಡುವಿನ ಖಾಲಿ.
ಹೊಲಿದದ್ದೆಲ್ಲ ಸುರುಳಿ ಸುತ್ತಿ ಅಲ್ಲೇ ಬಂದು ಕೂರುತ್ತದೆ;
ಹನ್ನೊಂದು ಇಂಚು ಎಂಟಾಗಿ, ಆರಾಗಿ,
ಕೊನೆಯ ಸಾಲಿಗೆ
ನಾಲ್ಕೇ ಬೆರಳು.
ಮುಗಿಸಬೇಕಾದ್ದಕ್ಕೆ ಮುಗಿಸಿದ್ದೇ ಅಡ್ಡ.

ಕುಂದಗೋಳದ ಸೋದರತ್ತೆ ಬಸಲಿಂಗವ್ವ
ಗಂಟಲು ಅಳೆದವಳಲ್ಲ.
ನೆಲವೇ ಚೌಕಟ್ಟು, ನಾಲ್ಕು ಮೂಲೆಗೆ ನಾಲ್ಕು ಗುಂಡುಕಲ್ಲು.
ಅಂಚಿನಿಂದ ಒಳಕ್ಕೆ ಹೊಲಿಯುತ್ತ ಹೊಲಿಯುತ್ತ
ಕೌದಿಯ ನಟ್ಟನಡುವೆ ತಾನೇ ಸಿಕ್ಕಿಕೊಂಡು
"ಈಗ ಹೊರಗ ಬರೂದು ಹ್ಯಾಂಗಲೇ?" ಅಂತ
ನಮ್ಮನ್ನೇ ಕೇಳುತ್ತಿದ್ದಳು.

ಕಡೆಗೆ ತಂದದ್ದು ಪಿಟ್ಸ್‌ವರ್ತಿನಿಂದ, ಹಳೆಯದು, ಐದಡಿ.
ಮಾರಿದವನ ಹೆಂಡತಿಗೆ ಈಗ ಜೇನಿನ ಹುಚ್ಚಂತೆ.
ಅರ್ಧ ಹಾಸಿಗೆಗೂ ಸಾಲದು;
ಬಿಚ್ಚಿ, ಸರಿಸಿ, ಮತ್ತೆ ಬಿಗಿಯಬೇಕು, ಮೂರು ಸಲ.
ಇರಲಿ. ಕಲಿಯುವವಳಿಗೆ ಬಿಚ್ಚುವುದೂ ಪಾಠವೇ.

ಜೋಡಿಸಿ ಕೈಬಿಟ್ಟರೆ
ಯಂತ್ರ ತಾನಾಗಿ ಬಾಗಿಲ ಕಡೆಗೆ ಹೊರಟಿತು.
ಗ್ಯಾರೇಜು ಇಳಿಜಾರೆಂದು
ಎಂಟು ವರ್ಷ ಕಾರು ಹೇಳಿರಲಿಲ್ಲ.
ಒಂದು ಕಾಲಿಗೆ ಬಿಸ್ಕತ್ತಿನ ರಟ್ಟು ಮಡಚಿ ಕೊಟ್ಟೆ.

ಉರುಳೆಯ ಅಂಚುಬಟ್ಟೆಯ ಮೇಲೆ ಪೆನ್ಸಿಲಿನ ಬಾಣ,
ಪಕ್ಕದಲ್ಲಿ ಆ ಜೇನಿನವಳ ಅಕ್ಷರ: ಇದು ನಡು.
ಅಳೆದೆ. ಅರ್ಧ ಇಂಚು ತಪ್ಪು.
ಅಳಿಸಲಿಲ್ಲ. ಪಕ್ಕದಲ್ಲೇ ಸೀಮೆಸುಣ್ಣದಲ್ಲಿ
ನನ್ನ ನಡು ಬರೆದು,
ಹರಿದ ಹಾಸುಬಟ್ಟೆ ಬಿಗಿದು, ಸ್ವಿಚ್ಚು ಒತ್ತಿದೆ.

ನನ್ನದೂ ಸರಿ ಅಂತೇನಿಲ್ಲ.